ಬಿಸಿಲಿಗಿಟ್ಟ ದಿಂಬು

ನಮ್ಮೂರಲ್ಲಿ ಬಿಸಿಲು ಬೀದಿಗೆ ಎರಡು ದಿನ. ಇಪ್ಪತ್ತಮೂರು ಬೀದಿಗಳಿವೆ, ಹಾಗಾಗಿ ಒಂದು ಸಲ ಬಂದು ಹೋದ ಬಿಸಿಲು ಮತ್ತೆ ನಿಮ್ಮ ಬಾಗಿಲಿಗೆ ಬರಲು ಒಂದೂವರೆ ತಿಂಗಳು ಬೇಕು. ಉಳಿದ ದಿನ ಬೆಳಕಿರುತ್ತದೆ, ಅದಕ್ಕೇನೂ ಕೊರತೆಯಿಲ್ಲ. ಪೇಪರ್ ಓದಬಹುದು, ಸೂಜಿಗೆ ದಾರ ಪೋಣಿಸಬಹುದು. ಬಿಸಿಲು ಮಾತ್ರ ಇರುವುದಿಲ್ಲ. ಪಕ್ಕದ ಬೀದಿಗೆ ಬಂದಾಗ ಅಲ್ಲಿಗೇ ಹೋಗಿ ಕೂತರಾಯಿತಲ್ಲ ಎಂದು ಹೊಸಬರು ಕೇಳುತ್ತಾರೆ. ಧಾರಾಳವಾಗಿ ಕೂರಬಹುದು, ಯಾರೂ ಬೇಡ ಅನ್ನುವುದಿಲ್ಲ, ಆದರೆ ಆ ಬೀದಿಯವರಲ್ಲದವರ ಮೈಮೇಲೆ ಅದು ಬೀಳುವುದಿಲ್ಲ. ಅವರು ತಮ್ಮ ಬೀದಿಯಿಂದ ತಂದ ಒದ್ದೆ ಟವೆಲ್ ಕೂಡ ಒಣಗುವುದಿಲ್ಲ. ನಮಗೆ ಇದೆಲ್ಲ ಹುಟ್ಟಿದಾಗಿನಿಂದ ರೂಢಿ.

ನಾನು ಈ ಊರಿನಲ್ಲಿ ಮೂವತ್ತೊಂದು ವರ್ಷ ಗಂಟೆ ಹಿಡಿದವನು. ಬಿಸಿಲು ಗಂಟೆಯ ಸದ್ದಿನ ಹಿಂದೆ ಬರುತ್ತದೆ, ಯಾವಾಗಲೂ ಒಂದು ಬೀದಿ ಹಿಂದೆ. ಒಂದು ಬೀದಿಯಲ್ಲಿ ಬಿಸಿಲಿರುವ ಎರಡೂ ದಿನ ಗಂಟೆ ಹಿಡಿದವನು ಅದರ ಮುಂದಿನ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬಾರಿಸುತ್ತ ನಡೆಯಬೇಕು. ಒಂದು ದಿನ ತಪ್ಪಿದರೂ ಬಿಸಿಲು ಆ ಬೀದಿಯನ್ನು ದಾಟಿ ಅದರಾಚೆಯದಕ್ಕೆ ಹೋಗಿಬಿಡುತ್ತದೆ. ನನಗಿಂತ ಹಿಂದಿನವನು ಒಮ್ಮೆ ಜಗಲಿಯ ಮೇಲೆ ನಿದ್ದೆ ಹೋಗಿ ತೆಂಕಣ ಬೀದಿಯ ಪಾಳಿ ತಪ್ಪಿತ್ತು. ಅವರ ಹಾಸಿಗೆಗಳಿಗೆಲ್ಲ ಬೂಷ್ಟು ಹಿಡಿಯಿತು. ಇವತ್ತಿಗೂ ಆ ಬೀದಿಯವರು ಅವನ ಮನೆಗೆ ಹೆಣ್ಣು ಕೊಡುವುದಿಲ್ಲ. ತಮ್ಮ ಬೀದಿಗೆ ತಾವೇ ಬಾರಿಸಿಕೊಳ್ಳುತ್ತೇವೆ ಅಂದರೆ ಬಿಸಿಲು ಕಿವಿಗೆ ಹಾಕಿಕೊಳ್ಳುವುದಿಲ್ಲ. ಗಂಟೆ ಕೈಯಲ್ಲಿರುವ ತನಕ ಗಂಟೆ ಹಿಡಿದವನು ಯಾವ ಬೀದಿಯವನೂ ಅಲ್ಲ, ಅದಕ್ಕೇ ಅವನ ಮಾತು ನಡೆಯುತ್ತದೆ.

ಅಂದರೆ ನಮ್ಮ ಹುಣಸೆಕಟ್ಟೆ ಬೀದಿಗೆ ಬಿಸಿಲು ಬಂದಾಗಲೆಲ್ಲ ನಾನು ಮುಂದಿನ ಸಣ್ಣಬಾವಿ ಬೀದಿಯಲ್ಲಿರುತ್ತಿದ್ದೆ. ಊರಿಗೆಲ್ಲ ಬಿಸಿಲು ಕರೆತಂದ ಈ ವಿರೂಪಣ್ಣನಿಗೆ ಒಂದು ದಿನವೂ ಅದು ತಾಕಲಿಲ್ಲ. ಮುಖ ಬಿಳುಚಿಕೊಂಡು ಮೂಲಂಗಿಯ ಹಾಗಾಗಿತ್ತು. ಎದುರುಮನೆಯ ಭಾಗೀರಥಮ್ಮ ನನ್ನನ್ನು ಮೂಲಂಗಿ ಅಂತಲೇ ಕರೆಯುತ್ತಿದ್ದರು, ಹಿಂದಿನಿಂದ ಅಲ್ಲ, ಎದುರಿಗೇ. ನನಗೆ ಗಂಟೆ ಸಿಕ್ಕಿದ್ದು ಮದುವೆಯಾದ ವರ್ಷವೇ. ಹಾಗಾಗಿ ನನ್ನ ಹೆಂಡತಿ ನೀಲಾವತಿ ಮತ್ತು ನಾನು ಒಟ್ಟಿಗೆ ಬಿಸಿಲಲ್ಲಿ ಕೂತದ್ದೇ ಇಲ್ಲ. ಕಳೆದ ತಿಂಗಳು ಅರವತ್ತು ತುಂಬಿ, ಗಂಟೆಯನ್ನು ಮುದ್ದಪ್ಪನಿಗೆ ಒಪ್ಪಿಸಿ ಮನೆಗೆ ಬಂದೆ. ಅವನಿಗಿನ್ನೂ ನಲವತ್ತು, ಗಟ್ಟಿ ಆಳು.

ಬಿಸಿಲು ಬಂದ ಬೀದಿಗೆ ಎರಡು ದಿನ ರಜೆ ಕೊಡುವುದು ನಮ್ಮಲ್ಲಿ ಪದ್ಧತಿ. ಈ ಸಲ ನಮ್ಮ ಪಾಳಿ ಸರಿಯಾಗಿ ಶನಿವಾರ ಭಾನುವಾರಕ್ಕೇ ಬಂದು ಕೂತಿತು. ರಜೆಯ ಮೇಲೆ ರಜೆ ಬಿದ್ದು ಎರಡು ದಿನ ದಂಡವಾಯಿತು ಎಂದು ನೌಕರಿಯವರೆಲ್ಲ ಗೊಣಗಿದರು. ನಾನು ಗೊಣಗಲಿಲ್ಲ, ನನಗೆ ಈಗ ದಿನವೂ ರಜೆಯೇ. ನೀಲಾ ಹತ್ತು ದಿನ ಮೊದಲೇ ಯೋಜನೆ ಹಾಕಿದ್ದಳು. ಶನಿವಾರ ಕೆಲಸದ ದಿನ, ಸಂಡಿಗೆ ಇಡಬೇಕು, ಹಾಸಿಗೆ ಒಣಗಿಸಬೇಕು. ಭಾನುವಾರ ಮಧ್ಯಾಹ್ನ ಮಾವಿನಕಾಯಿ ಚಿತ್ರಾನ್ನ ಮಾಡಿಕೊಂಡು ಇಬ್ಬರೂ ತಾರಸಿಯ ಮೇಲೆ ಬಿಸಿಲಲ್ಲಿ ಕೂತು ಉಣ್ಣಬೇಕು. ಇಷ್ಟೇ ಅವಳ ಆಸೆ. ಇದನ್ನು ಅವಳು ದಿನಕ್ಕೊಂದು ಸಲ ಹೇಳುತ್ತಿದ್ದಳು, ಪ್ರತಿ ಸಲವೂ ಚಿತ್ರಾನ್ನಕ್ಕೆ ಒಂದು ಪದಾರ್ಥ ಹೆಚ್ಚಾಗುತ್ತಿತ್ತು.

ಶನಿವಾರ ನಾಲ್ಕು ಗಂಟೆಗೇ ಎಚ್ಚರವಾಯಿತು. ಅಭ್ಯಾಸಬಲ, ಕೈ ಗಂಟೆ ನೇತುಹಾಕುತ್ತಿದ್ದ ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಈಗ ನೀಲಾಳ ಮಾರ್ಕೆಟ್ ಚೀಲ ನೇತಾಡುತ್ತಿದೆ. ಚೀಲ ಹಿಡಿದು ಎರಡು ಹೆಜ್ಜೆ ಹೋದ ಮೇಲೆ ತಿಳಿಯಿತು. ಅಡುಗೆಮನೆಯಿಂದ ಅವಳು, ಇಷ್ಟು ಬೇಗ ಯಾವ ತರಕಾರಿಯೂ ಬಂದಿರುವುದಿಲ್ಲ ಎಂದಳು. ಅವಳು ಆಗಲೇ ಸಂಡಿಗೆಯ ಹಿಟ್ಟು ಕಾಯಿಸುತ್ತಿದ್ದಳು. ನನ್ನನ್ನು ಪಕ್ಕಕ್ಕೆ ಕೂರಿಸಿ ಕೈಗೆ ಸೌಟು ಕೊಟ್ಟು, ಗಂಟು ಕಟ್ಟದ ಹಾಗೆ ತಿರುಗಿಸಿ, ಮಾತಾಡಬೇಡಿ ಎಂದಳು.

ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಾಗ ಬಿಸಿಲು ಬಂತು. ಮೊದಲು ಬೆನ್ನ ಮೇಲೆ ಯಾರೋ ಕೈ ಇಟ್ಟ ಹಾಗಾಯಿತು. ಪಂಚೆಯ ಮೇಲೆ ಕಪ್ಪಗೆ ಏನೋ ಚಾಚಿಕೊಂಡಿತು. ಯಾರೋ ಹಿಂದೆ ಬಂದು ನಿಂತಿದ್ದಾರೆ ಅಂದುಕೊಂಡು, ಸ್ವಲ್ಪ ಸರೀರಿ, ಸಂಡಿಗೆಗೆ ಮರೆಯಾಗುತ್ತೆ ಅಂದೆ. ನೀಲಾ ಸೌಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎದುರು ತಾರಸಿಯಿಂದ ಭಾಗೀರಥಮ್ಮನೂ ನಕ್ಕರು. ಅದು ನನ್ನದೇ ನೆರಳು. ಕೊನೆಯ ಸಲ ನೋಡಿದಾಗ ಅದಕ್ಕೆ ಹೊಟ್ಟೆ ಇರಲಿಲ್ಲ, ತಲೆ ತುಂಬ ಕೂದಲಿತ್ತು. ನಾನೂ ನಕ್ಕೆ, ಆದರೆ ಆಮೇಲೆ ಯಾರೂ ನೋಡದಾಗ ಕೈ ಎತ್ತಿ, ಇಳಿಸಿ, ಅದು ನನ್ನದೇ ಹೌದೋ ಅಲ್ಲವೋ ಎಂದು ಎರಡು ಸಲ ಪರೀಕ್ಷಿಸಿದೆ.

ಆ ದಿನ ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದೇನೂ ಅಲ್ಲ. ಎಣ್ಣೆ ನೀರು ಹಾಕಿಕೊಂಡೆ. ಕೌದಿಗಳನ್ನು ಗೋಡೆಯ ಮೇಲೆ ಹರವಿದೆ. ಸೌತೆಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿಂದೆ. ಬೆಕ್ಕು ಸಂಡಿಗೆಯ ಮೇಲೆ ನಡೆಯದ ಹಾಗೆ ಕಾದೆ, ಆದರೂ ಒಂದು ಸಾಲು ತುಳಿಯಿತು. ನೀಲಾ ತಲೆಗೂದಲು ಹರವಿಕೊಂಡು ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿ, ಮುದ್ದಪ್ಪನ ಗಂಟೆ ಕೇಳುತ್ತಿದ್ದಳು. ಇದ್ದಕ್ಕಿದ್ದಂತೆ, ಇವನು ಬಾವಿಯ ಹತ್ತಿರ ತುಂಬ ಹೊತ್ತು ನಿಲ್ಲುತ್ತಾನೆ, ನೀವು ನಿಲ್ಲುತ್ತಿರಲಿಲ್ಲ ಎಂದಳು. ನಿನಗೆ ಹೇಗೆ ಗೊತ್ತು ಅಂದೆ. ಇಲ್ಲಿಂದ ಎಲ್ಲ ಕೇಳಿಸುತ್ತದೆ, ಗಂಟೆ ಬಾವಿಯ ಹತ್ತಿರ ಬಂದರೆ ಒಂಬತ್ತೂವರೆ, ನಿಮ್ಮ ಕಾಫಿಯ ಹೊತ್ತು, ಆಗ ನಾನೂ ಕುಡಿಯುತ್ತಿದ್ದೆ ಎಂದಳು. ನಾನು ಅಷ್ಟು ವರ್ಷ ಆ ಬೀದಿಯಲ್ಲಿ ಒಬ್ಬನೇ ನಡೆಯುತ್ತಿದ್ದೇನೆ ಅಂದುಕೊಂಡಿದ್ದೆ. ಮನೆಯಲ್ಲಿ ಒಬ್ಬಳು ನನ್ನ ಹೆಜ್ಜೆ ಕೇಳಿಸಿಕೊಂಡು ಕಾಫಿಗೆ ನೀರಿಡುತ್ತಿದ್ದದ್ದು ಗೊತ್ತಿರಲಿಲ್ಲ.

ಮೂರು ಗಂಟೆ ದಾಟಿರಬೇಕು. ಅವಳು ಒಳಗೆ ಹೋಗಿ ನನ್ನ ದಿಂಬನ್ನು ತಂದು, ಬೆತ್ತದ ಕುರ್ಚಿಯನ್ನು ಅಂಗಳಕ್ಕೆ ಎಳೆದು, ಅದರ ಮೇಲೆ ದಿಂಬು ಇಟ್ಟಳು. ಬಿಸಿಲು ಸರಿದ ಹಾಗೆ ಕುರ್ಚಿ ಸರಿಸಿದಳು. ಮಗ್ಗುಲು ಬದಲಿಸಿದಳು. ಮತ್ತೆ ಸರಿಸಿದಳು. ಕೊನೆಗೆ ಗೇಟಿನ ಹತ್ತಿರ ಅಂಗೈ ಅಗಲದ ಬಿಸಿಲು ಉಳಿದಾಗ ದಿಂಬನ್ನು ಕೈಯಲ್ಲೇ ಎತ್ತಿ ಅದಕ್ಕೆ ಒಡ್ಡಿ ನಿಂತಳು. ಬಿಸಿಲು ಹೋದ ತಕ್ಷಣ ಕೌದಿಯಲ್ಲಿ ಸುತ್ತಿ ಒಳಗೆ ಒಯ್ದಳು. ಇದೇನು ಅಂತ ಕೇಳಿದೆ. ಅಯ್ಯೋ, ಅಭ್ಯಾಸ ಕಣ್ರೀ, ನೀವು ಮನೆಯಲ್ಲೇ ಇರುವುದು ಮರೆತೇಹೋಯಿತು ಎಂದಳು.

ನಮ್ಮ ಪಾಳಿಯ ದಿನಗಳಲ್ಲಿ ಗಂಟೆ ಹೊಡೆದು ಬಂದು ಸಂಜೆ ತಲೆ ಇಟ್ಟರೆ ನನ್ನ ದಿಂಬು ಬೆಚ್ಚಗಿರುತ್ತಿತ್ತು. ವರ್ಷಕ್ಕೆ ಎಂಟು ಸಲ, ಎರಡೆರಡು ದಿನ. ನಾನು ಅದನ್ನು ಬೂರುಗದ ಹತ್ತಿಯ ಗುಣ ಅಂದುಕೊಂಡಿದ್ದೆ. ದಣಿದವನಿಗೆ ಯಾವ ದಿಂಬೂ ಬೆಚ್ಚಗೇ ಅನಿಸುತ್ತದೆ ಎಂದು ಮುದ್ದಪ್ಪನಿಗೆ ಉಪದೇಶ ಬೇರೆ ಮಾಡಿದ್ದೆ. ಬಿಸಿಲು ನನಗೆ ತಾಕಲೇ ಇಲ್ಲ ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದ ಬಾಯಿ ಇದು. ಆ ಸಂಜೆ ಅಂಗಳದಲ್ಲಿ ನಿಂತು ನನಗೆ ನಾಚಿಕೆಯೂ ಆಯಿತು, ಎದೆ ತುಂಬಿಯೂ ಬಂತು. ಅವಳಿಗೆ ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಕಾಫಿ ಮಾಡಲಾ ಎಂಬ ಮಾತು ಬಂತು. ಮಾಡಿದೆ, ಡಿಕಾಕ್ಷನ್ ನೀರಾಗಿತ್ತು. ಚೆನ್ನಾಗಿದೆ ಎಂದು ಕುಡಿದಳು.

ಭಾನುವಾರ ನಸುಕಿನಲ್ಲಿ ಬಾಗಿಲು ಬಡಿದ ಸದ್ದಾಯಿತು. ಮುದ್ದಪ್ಪ ಕೋಲೂರಿಕೊಂಡು ನಿಂತಿದ್ದ. ಕಂಕುಳಲ್ಲಿ ಸದ್ದಾಗದ ಹಾಗೆ ಟವೆಲಿನಲ್ಲಿ ಸುತ್ತಿದ ಗಂಟೆ. ಹಿಂದಿನ ಸಂಜೆ ಸಣ್ಣಬಾವಿಯ ಕಲ್ಲಿನ ಮೇಲೆ ಪಾಚಿಗೆ ಕಾಲು ಜಾರಿ ಪಾದ ಊದಿಕೊಂಡಿತ್ತು. ಬೆಳಗಾಗುವುದರೊಳಗೆ ಇಳಿಯುತ್ತದೆ ಎಂದು ಕಾದಿದ್ದಾನೆ, ಇಳಿದಿಲ್ಲ. ಮೊದಲ ದಿನ ಬಾರಿಸಿ ಆಗಿದೆ, ಎರಡನೆಯ ದಿನ ಬಾರಿಸದಿದ್ದರೆ ಎಲ್ಲ ನೀರಿನಲ್ಲಿ ಹೋಮ. ಗಂಟೆ ಹಿಡಿದವನಿಗೆ ಆಗದಿದ್ದರೆ ಅವನಿಗಿಂತ ಹಿಂದೆ ಹಿಡಿದವನು, ಇಲ್ಲವೇ ಆ ಹಿಂದಿನವನ ಮನೆಯಿಂದ ಯಾರಾದರೂ ಹಿಡಿಯಬೇಕು ಎಂಬ ಪದ್ಧತಿಯನ್ನು ನೆನಪಿಸಿದ. ಅದಕ್ಕೇ ಅವನು ನಮ್ಮ ಬಾಗಿಲಿಗೆ ಬಂದದ್ದು. ಕಣ್ಣಲ್ಲಿ ನೀರು ತುಂಬಿಕೊಂಡು, ಗಂಗಜ್ಜಿಯ ಮೊಮ್ಮಗುವನ್ನು ನೆನೆದರೆ ಸಂಕಟವಾಗುತ್ತದೆ ಅಣ್ಣ ಎಂದ.

ಸಣ್ಣಬಾವಿ ಬೀದಿಯ ಗಂಗಜ್ಜಿಯ ಮನೆಯಲ್ಲಿ ಹೋದ ಪಾಳಿ ಮುಗಿದ ಮಾರನೆಯ ದಿನವೇ ಮಗು ಹುಟ್ಟಿತ್ತು. ಒಂದೂವರೆ ತಿಂಗಳಾಗುತ್ತ ಬಂತು, ಕೂಸು ಇನ್ನೂ ಬಿಸಿಲನ್ನೇ ಕಂಡಿಲ್ಲ. ಅಜ್ಜಿ ಅದಕ್ಕೆಂದು ಹಳದಿ ಕುಲಾವಿ ಹೊಲಿದು ಬೀದಿಗೆಲ್ಲ ತೋರಿಸಿಕೊಂಡು ಬಂದಿದ್ದಳು. ಸೋಮವಾರ ಬಿಸಿಲು ಬರದೆ ದಾಟಿ ಹೋದರೆ ಆ ಮಗು ಇನ್ನೊಂದು ಸುತ್ತು ಕಾಯಬೇಕು.

ಬೇರೆ ಮಾತೇ ಇರಲಿಲ್ಲ. ನನ್ನ ಕಾಲು ನನ್ನನ್ನು ಕೇಳದೆ ಚಪ್ಪಲಿ ಮೆಟ್ಟಿತ್ತು. ಆಗ ಹಿಂದೆ ತಿರುಗಿ ನೋಡಿದೆ. ನೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅರ್ಧ ತುರಿದ ಮಾವಿನಕಾಯಿ. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಇವತ್ತೊಂದು ದಿನ ನೀಲಾ, ಮುಂದಿನ ಪಾಳಿಗೆ ಖಂಡಿತ ಕೂರೋಣ ಅಂದೆ. ಈ ಮಾತನ್ನು ಹಿಂದೆ ಎಷ್ಟು ಸಲ ಹೇಳಿದ್ದೆನೋ, ನನ್ನ ಕಿವಿಗೇ ಹಳಸಲು ಅನಿಸಿತು.

ಅವಳು ಮಾವಿನಕಾಯಿಯನ್ನು ತಟ್ಟೆಯಲ್ಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಬಂದು, ಮುದ್ದಪ್ಪನ ಕಂಕುಳಿಂದ ಗಂಟೆ ತೆಗೆದುಕೊಂಡಳು.

“ಮನೆಯಿಂದ ಯಾರಾದರೂ ಆಗಬಹುದು ಅಂದ್ಯಲ್ಲಪ್ಪ, ನಾನು ಹೋಗ್ತೀನಿ.”

ನಾನು ಹೌಹಾರಿದೆ. ಹೆಂಗಸರು ಗಂಟೆ ಹಿಡಿದದ್ದಿಲ್ಲ ಎಂದೆ. ಹಿಡಿಯಬಾರದು ಅಂತ ಯಾರು ಹೇಳಿದರು ಎಂದಳು. ಯಾರೂ ಹೇಳಿರಲಿಲ್ಲ, ಮುದ್ದಪ್ಪನೂ ಯೋಚಿಸಿ ತಲೆ ಅಲ್ಲಾಡಿಸಿದ. ನಿನಗೆ ಭುಜದ ನೋವು ಎಂದೆ. ಕೈ ಬದಲಿಸಿಕೊಂಡು ಬಾರಿಸುತ್ತೇನೆ ಎಂದಳು. ಹಾಗಾದರೆ ಇಬ್ಬರೂ ಹೋಗೋಣ ಎಂದೆ.

“ಇಬ್ಬರೂ ಹೋದರೆ ಈ ಮನೆಗೆ ಬಂದ ಬಿಸಿಲು ಯಾರ ಮೇಲೆ ಬೀಳಬೇಕು? ನಾನು ಇಷ್ಟು ವರ್ಷ ಕೂತಿದೀನಿ ಕಣ್ರೀ. ನೀವು ಕೂತು ಒಂದೇ ದಿನ ಆಗಿದೆ. ಸುಮ್ನೆ ಕೂತ್ಕೊಳ್ಳಿ.”

ಚಿತ್ರಾನ್ನ ಕಲಸಿ, ಅರ್ಧ ಡಬ್ಬಿಗೆ ಹಾಕಿಕೊಂಡು, ಅರ್ಧ ನನಗೆ ಮುಚ್ಚಿಟ್ಟು, ಸಂಡಿಗೆ ಎಷ್ಟು ಹೊತ್ತಿಗೆ ಮಗುಚಬೇಕು ಎಂದು ಎರಡೆರಡು ಸಲ ಹೇಳಿ ಹೊರಟಳು. ಗೇಟಿನ ಹತ್ತಿರ ನಿಂತು, ಗಂಟೆ ಬಾವಿಯ ಹತ್ತಿರ ಬಂದಾಗ ಕಾಫಿ, ಬೀದಿಯ ಕೊನೆಯಲ್ಲಿ ಮೂರು ಸಲ ಹೊಡೆದಾಗ ಊಟ, ನಾನೂ ಆಗಲೇ ಉಣ್ಣುತ್ತೇನೆ ಎಂದಳು. ಮುದ್ದಪ್ಪ ನಮ್ಮ ಜಗಲಿಯ ಮೇಲೇ ಕಾಲು ನೀಡಿ ಮಲಗಿದ.

ಸ್ವಲ್ಪ ಹೊತ್ತಿಗೆ ಗಂಟೆ ಕೇಳಿಸಿತು. ನನ್ನದು ನಿಧಾನದ ಕೈ, ಇವಳದು ಅವಸರದ್ದು, ಗೇಟು ಬಡಿದು ಮನೆಯವರನ್ನು ಏಳಿಸಿದ ಹಾಗೆ. ಹೀಗೆ ಕರೆದರೆ ಬಿಸಿಲು ಓಡಿ ಬರುತ್ತದೆ ಅಣ್ಣ ಎಂದ ಮುದ್ದಪ್ಪ. ನಾನು ಮೆಟ್ಟಿಲ ಮೇಲೆ, ಅವಳು ಕೂರುವ ಜಾಗದಲ್ಲಿ ಕೂತೆ. ಆ ಕಲ್ಲು ಅಲ್ಲಿ ಸ್ವಲ್ಪ ನುಣುಪಾಗಿದೆ. ಈಗ ಅವಳು ಹಿಟ್ಟಿನ ಗಿರಣಿ ದಾಟಿದಳು, ಈಗ ಶಾಲೆಯ ಗೋಡೆ, ಈಗ ಬಾವಿ. ಎದ್ದು ಕಾಫಿ ಮಾಡಿ ಮುದ್ದಪ್ಪನಿಗೂ ಕೊಟ್ಟು ಕುಡಿದೆ. ಈ ಸಲ ಡಿಕಾಕ್ಷನ್ ಗಟ್ಟಿಯಾಗಿತ್ತು, ಹೇಳೋಣವೆಂದರೆ ಅವಳಿಲ್ಲ.

ಭಾಗೀರಥಮ್ಮ ತಾರಸಿಯಿಂದ ಬಗ್ಗಿ, ಹೆಂಡತಿಯನ್ನು ದುಡಿಯಲು ಕಳಿಸಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದೀರಲ್ಲ ಮೂಲಂಗಿಯವರೇ ಎಂದು ಚುಚ್ಚಿದರು. ಆಮೇಲೆ ಅವರೇ ಒಂದು ಬಟ್ಟಲು ಮಜ್ಜಿಗೆಮೆಣಸಿನಕಾಯಿ ಕರಿದು ತಂದುಕೊಟ್ಟರು. ಬೀದಿಯ ಕೊನೆಯಲ್ಲಿ ಮೂರು ಸಲ ಗಂಟೆಯಾದಾಗ ತಟ್ಟೆ ಹಿಡಿದು ತಾರಸಿಗೆ ಹೋದೆ. ಚಿತ್ರಾನ್ನ ಬಾಯಲ್ಲಿಡುವಾಗ ಅವಳೂ ಅಲ್ಲಿ ಯಾರದೋ ಸೂರಿನ ಕೆಳಗೆ ನೆರಳಲ್ಲಿ ಡಬ್ಬಿ ಬಿಚ್ಚಿರುತ್ತಾಳೆ ಎಂದು ನೆನಪಾಯಿತು. ಅಷ್ಟು ವರ್ಷ ಇದೇ ಊಟವನ್ನು ಅವಳು ಇಲ್ಲಿ, ನಾನು ಅಲ್ಲಿ ಉಂಡಿದ್ದೇವೆ. ಇವತ್ತು ಜಾಗ ಅದಲುಬದಲಾಗಿತ್ತು ಅಷ್ಟೇ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡೆ. ಒಂದು ಅಗುಳು ಬಿಟ್ಟರೂ ಅವಳಿಗೆ ಗೊತ್ತಾಗುತ್ತದೆ.

ಸಂಡಿಗೆ ಮಗುಚಿದೆ. ಕೌದಿ ತಿರುವಿ ಹಾಕಿದೆ. ಮೂರು ಗಂಟೆಗೆ ಕುರ್ಚಿಯನ್ನು ಅಂಗಳಕ್ಕೆ ಎಳೆದು, ದಿಂಬು ತರಲು ಒಳಗೆ ಹೋದೆ. ನನ್ನ ದಿಂಬು ಎಡಕ್ಕೆ, ಅವಳದು ಬಲಕ್ಕೆ. ನನ್ನದನ್ನು ಮುಟ್ಟಿದೆ, ಹಗುರ, ಗರಿಗರಿ. ಅವಳದನ್ನು ಎತ್ತಿದೆ. ಭಾರವಾಗಿತ್ತು. ಮೂಸಿದರೆ ಮುಗ್ಗಲು ವಾಸನೆ. ಹತ್ತಿ ಗಂಟುಗಂಟಾಗಿ ಒಂದು ಕಡೆ ಕೂತಿತ್ತು. ಅದು ಯಾವತ್ತೂ ಬಿಸಿಲು ಕಂಡದ್ದಲ್ಲ. ಅಂಗಳಕ್ಕೆ ತಂದಾಗ ಭಾಗೀರಥಮ್ಮ ನೋಡಿ, ಅದು ನೀಲಾಳದಲ್ಲವೇ, ಅವಳು ಅದನ್ನು ಹೊರಗೆ ತಂದದ್ದೇ ಇಲ್ಲವಲ್ಲ ಎಂದರು. ಯಾಕೆ ಎಂದು ಒಮ್ಮೆ ಕೇಳಿದ್ದರಂತೆ. ಕುರ್ಚಿ ಒಂದೇ ಇದೆ, ಕೊನೆಯ ಬಿಸಿಲು ಎರಡಕ್ಕೆ ಸಾಲುವುದಿಲ್ಲ, ನನಗಂತೂ ಮೈಮೇಲೇ ಬೀಳುತ್ತದಲ್ಲ ಎಂದಿದ್ದಳಂತೆ.

ನಾನು ಆ ದಿಂಬನ್ನು ಕುರ್ಚಿಯ ಮೇಲಿಟ್ಟು ಕೈಯಿಂದ ಬಡಿದೆ. ಗಂಟುಗಳನ್ನು ಹಿಸುಕಿ ಬಿಡಿಸಿದೆ. ಬಿಸಿಲು ಸರಿದ ಹಾಗೆ ಕುರ್ಚಿ ಸರಿಸಿದೆ. ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆ. ಮೊದಲು ವಾಸನೆ ಹೆಚ್ಚಾಯಿತು, ಆಮೇಲೆ ಕಡಿಮೆಯಾಯಿತು, ಆಮೇಲೆ ಹೋಯಿತು. ಗೇಟಿನ ಹತ್ತಿರ ಅಂಗೈ ಅಗಲದ ಬಿಸಿಲು ಉಳಿದಾಗ ದಿಂಬನ್ನು ಎತ್ತಿ ಹಿಡಿದೆ. ಭುಜ ನೋಯಿತು. ಇದನ್ನು ಅವಳು ಹೇಗೆ ಮಾಡುತ್ತಿದ್ದಳೋ ಅನಿಸಿತು. ಬಿಸಿಲು ಹೋದ ತಕ್ಷಣ ಕೌದಿಯಲ್ಲಿ ಸುತ್ತಿ, ಬೆಚ್ಚಗಾಗಿದೆಯೋ ಇಲ್ಲವೋ ಎಂದು ನೋಡಲು ಕೂಡ ಬಿಚ್ಚದೆ ಒಳಗಿಟ್ಟೆ.

ಗಂಟೆ ನಿಂತ ಮೇಲೆ ಸ್ವಲ್ಪ ಹೊತ್ತಿಗೆ ಅವಳು ಬಂದಳು. ಕಾಲು ಧೂಳು, ಮುಖ ಇಳಿದಿತ್ತು, ಆದರೆ ಮಾತು ನಿಲ್ಲಲೊಲ್ಲದು. ಸಣ್ಣಬಾವಿ ಬೀದಿಯಲ್ಲಿ ಮನೆಮನೆಯವರೂ ಹೊರಗೆ ಬಂದು ನೋಡಿದರಂತೆ. ಗಂಗಜ್ಜಿ ಮಗುವನ್ನು ಎತ್ತಿಕೊಂಡು ಬಂದು ಗಂಟೆ ಮುಟ್ಟಿಸಿದಳಂತೆ. ಕುಲಾವಿ ಮಗುವಿನ ಕಣ್ಣಿನವರೆಗೂ ಇಳಿಯುತ್ತದೆ, ಮುದುಕಿಗೆ ಅಳತೆ ತಿಳಿಯುವುದಿಲ್ಲ ಎಂದಳು. ಮುದ್ದಪ್ಪ ಅವಳ ಕೈಯಿಂದ ಗಂಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಪಾದದ ಊತ ಇಳಿದಿತ್ತು, ನಾಳೆ ನಾನೇ ನಡೆಯುತ್ತೇನೆ ಎಂದ. ಅವನ ತಮ್ಮ ಸೈಕಲ್ ತಂದು ಅವನನ್ನು ಕೂರಿಸಿಕೊಂಡು ಹೋದ.

ಕಾಲು ತೊಳೆದುಕೊಂಡು ಬಂದವಳು, ಸೊಂಟ ಬಿದ್ದುಹೋಯಿತು, ಐದು ನಿಮಿಷ ಒರಗುತ್ತೇನೆ, ಆಮೇಲೆ ಅನ್ನಕ್ಕಿಡುತ್ತೇನೆ ಎಂದಳು. ಅನ್ನ ಆಗಿದೆ, ಸಾರೂ ಆಗಿದೆ, ಒರಗು ಎಂದೆ. ನಡುಮನೆಯಲ್ಲಿ ಚಾಪೆ ಹಾಸಿ, ಕೌದಿಯ ಸುತ್ತು ಬಿಚ್ಚಿ, ದಿಂಬು ಇಟ್ಟೆ. ಇದೇನು ಉಪಚಾರ ಎಂದು ನಗುತ್ತ ಅವಳು ತಲೆ ಇಟ್ಟಳು.

ನಗು ಅಲ್ಲೇ ನಿಂತಿತು. ತಲೆಯನ್ನು ಸ್ವಲ್ಪ ಎತ್ತಿ ಮತ್ತೆ ಇಟ್ಟಳು. ಕೆನ್ನೆ ಹೊರಳಿಸಿ ದಿಂಬಿಗೆ ಒತ್ತಿದಳು. ಅಂಗೈ ಅದರ ಕೆಳಗೆ ತೂರಿಸಿದಳು. ನಾನು ಪಕ್ಕದಲ್ಲಿ ಕೂತಿದ್ದೆ. ಈ ಸಲ ಕಾಫಿಯ ಮಾತು ಎತ್ತಲಿಲ್ಲ.

“ರೀ,” ಎಂದಳು, ಕಣ್ಣು ಮುಚ್ಚಿಕೊಂಡೇ. “ಇಷ್ಟು ಬೆಚ್ಚಗಿರುತ್ತಾ ಇದು? ನನಗೆ ಗೊತ್ತೇ ಇರಲಿಲ್ಲ.”